ಅಕ್ಕನ ಸೀರೆ

೧೪ ಮಾರ್ಚ್ ೧೯೫೮, ಶುಕ್ರವಾರ. ಹನುಮಂತನಗರ.

ಸಂಜೆ ಮಗುವಿನ ಎದೆಯ ಮೇಲೆ ಎರಡು ಗುಳ್ಳೆ ಕಂಡವು.

ಅಕ್ಕನಿಗೆ ಸಿಡುಬು ಎದ್ದ ದಿನ ಡಾಕ್ಟರು ಎಂಟು ದಿನದ ಕೂಸನ್ನು ನನ್ನ ಕೈಗೆ ಕೊಡಿಸಿ, ಆ ಕೋಣೆಯಿಂದ ಒಂದು ಬಟ್ಟೆಯೂ ಹೊರಗೆ ಬರಬಾರದು ಎಂದಿದ್ದರು. ಒಳಲೆಯಲ್ಲಿ ಹಾಕಿದ ಹಸುವಿನ ಹಾಲನ್ನೆಲ್ಲ ಉಗುಳಿ ಅದು ಒಂದೇ ಸಮನೆ ಅತ್ತಿತು. ತಾಯಿಯ ವಾಸನೆ ಸಿಕ್ಕರೆ ಮಲಗೀತೆಂದು ಅಲ್ಲಿಂದ ಅವಳ ಹಳೆಯ ಸೀರೆ ತಂದು ಸುತ್ತಿದೆ. ಮಲಗಿತು. ಯಾರಿಗೂ ಹೇಳಲಿಲ್ಲ.

ಈಗ ಬಾಗಿಲಾಚೆಯಿಂದ ಅಕ್ಕ ಕೇಳಿದಳು, "ಇವತ್ತು ಅಳೋದೇ ಕೇಳಿಸ್ತಿಲ್ವಲ್ಲೇ?"

"ಮಲಗಿದಾನೆ, ಅಕ್ಕ."

"ನಿನಗೇ ಒಗ್ಗಿಬಿಟ್ಟ. ನಾನು ಎದ್ದು ಬರೋ ಹೊತ್ತಿಗೆ ನನ್ನ ಮರೆತೇಬಿಡ್ತಾನೆ ಕಳ್ಳ." ನಕ್ಕಳು.

ಸೀರೆ ಇನ್ನೂ ಅವನ ಮೈಮೇಲಿದೆ. ತೆಗೆಯಲು ಹೋದೆ. ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾನೆ.