ಎಡಬಾಗಿಲಿನ ಹಿಡಿಕೆ

ಬೆಟಗೇರಿ,
ರವಿವಾರ, ೧೮ ಆಗಸ್ಟ್ ೨೦೨೪

ಪ್ರೀತಿಯ ಮಗಳು ನೀಲವ್ವಗೆ,

ಅಪ್ಪನ ಆಶೀರ್ವಾದ. ನೀನು, ಅಳಿಯಂದಿರು, ಮೊಮ್ಮಗಳು ಮಮತಾ ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ನಿನ್ನ ಮೊಣಕಾಲು ನೋವು ಹೇಗಿದೆ? ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕು ಎಂದರೆ ಕೇಳುವವಳಲ್ಲ, ಹಟದಲ್ಲಿ ನನ್ನ ಮಗಳೇ ಸೈ. ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ, ಕಣ್ಣು ಮಾತ್ರ ಮಂಜಾಗಿವೆ. ಫೋನ್ ಇರುವಾಗ ಈ ಮುದುಕ ಪತ್ರ ಯಾಕೆ ಗೀಚುತ್ತಾನೆ ಅಂತೀಯೇನು? ಫೋನಿನಲ್ಲಿ ನೀನು ‘ಅಪ್ಪಾ, ಊಟ ಆತೇನು’ ಅಂದ ಕೂಡಲೇ ಹೇಳಬೇಕಾದದ್ದೆಲ್ಲ ಬಿಟ್ಟು ‘ಆತವ್ವಾ’ ಅಂದು ಇಟ್ಟುಬಿಡುತ್ತೇನೆ.

ಸುದ್ದಿ ಏನೆಂದರೆ, ನಮ್ಮ ಅಂಬಾಸಿಡರ್ ಕಾರನ್ನು ತಿರುಗಿ ಕೊಂಡಿದ್ದೇನೆ. ಎಪ್ಪತ್ಮೂರಕ್ಕೆ ಇದೆಂಥ ಹುಚ್ಚು ಅಂತ ಬೈಯಬೇಡ. ನಿನ್ನ ಚೊಚ್ಚಲು ಕೂಸು ತೀರಿಕೊಂಡ ವರ್ಷವೇ ಮಾರಿದ್ದೆನಲ್ಲ, ಅದೇ ಕಾರು. ಮುಂಡರಗಿಯ ಒಬ್ಬ ಕಾಳಿನ ವ್ಯಾಪಾರಿಯ ಗೋದಾಮಿನಲ್ಲಿ ಶೇಂಗಾ ಚೀಲಗಳ ಹಿಂದೆ ನಿಂತಿತ್ತು. ಯಾರೋ ನೀಲಿ ಬಣ್ಣ ಬಳಿದು ಗುರುತೇ ಸಿಗದಂತೆ ಮಾಡಿದ್ದರು. ಹಿಂದಿನ ಎಡಬಾಗಿಲು ತೆಗೆದು ನೋಡಿದೆ. ಹೆರಿಗೆ ಬ್ಯಾನಿ ತಿನ್ನುತ್ತ ನೀನು ಜಗ್ಗಿ ಕಿತ್ತಿದ್ದ ಒಳಗಿನ ಹಿಡಿಕೆ, ಅದಕ್ಕೆ ನಾನು ಸುತ್ತಿದ್ದ ತಾಮ್ರದ ತಂತಿ, ಇಪ್ಪತ್ತಾರು ವರ್ಷದ ಮೇಲೂ ಹಾಗೇ ಇದ್ದವು. ಅಲ್ಲೇ ಚೀಲದ ಮೇಲೆ ಕುಸಿದು ಕುಳಿತೆ. ವ್ಯಾಪಾರಿ ಪಾಪ, ‘ಯಜಮಾನ್ರ, ನೀರು ಕುಡೀರಿ’ ಅಂತ ಚರಿಗೆ ತಂದುಕೊಟ್ಟ.

ಈಗ ಕಾರು ಇಲ್ಲೇ ಬೆಟಗೇರಿಯಲ್ಲಿ ಮೇಸ್ತ್ರಿ ಭೀಮೇಶನ ಗ್ಯಾರೇಜಿನಲ್ಲಿದೆ. ಮೊದಲ ದಿನವೇ ಕೇಳಿದ: ‘ಕಾಕಾ, ಬರೇ ಓಡುವಂಗ ಮಾಡ್ಲೋ, ಇಲ್ಲಾ ಶೋರೂಮಿನ್ಯಾಗಿಂದ ಈಗ ಬಂದಂಗ ಮಾಡ್ಲೋ?’ ಎಂಜಿನ್ ಬಿಚ್ಚು ಅಂದೆ, ಬ್ರೇಕ್ ಹೊಸದು ಹಾಕು ಅಂದೆ, ನೀಲಿ ಕೆರೆದು ಮೊದಲಿನ ಹಾಲುಬಿಳಿ ಬಣ್ಣ ಹೊಡಿ ಅಂದೆ. ಅವನು ಸೀಟಿನ ರೆಕ್ಸಿನ್ ಕಿತ್ತಾಗಲೂ ಸುಮ್ಮನಿದ್ದೆ. ಹುಬ್ಬಳ್ಳಿಯಿಂದ ತರಿಸಿದ ಥಳಥಳ ಹಿಡಿಕೆ ಹಿಡಿದು ಎಡಬಾಗಿಲಿಗೆ ಬಂದಾಗ ಮಾತ್ರ ಅವನ ಮುಂಗೈ ಹಿಡಿದೆ. ‘ಅದಕ್ಕ ಕೈ ಹಚ್ಚಿದಿ ಅಂದ್ರ ನೋಡ ಮಗನ!’ ಅಂತ ಒದರಿದೆನಂತೆ. ಎರಡು ದಿನ ಅವನು ನನಗೆ ಚಹಾ ಕೂಡ ಕೇಳಲಿಲ್ಲ. ಮೊನ್ನೆ ಎಂಜಿನ್ ಚಾಲೂ ಆಯಿತು. ಅವನು ಪದ್ಧತಿಯಂತೆ ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟ. ನಾನು ನಾಲ್ಕನ್ನೂ ಎತ್ತಿ ಗಟಾರಕ್ಕೆ ಎಸೆದೆ. ‘ಕಾಕಾ, ತಲಿ ಗಿಲಿ ಕೆಟ್ಟೈತೇನ್ರಿ?’ ಅಂದ.

ಆ ಅಮಾವಾಸ್ಯೆಯ ಮಧ್ಯಾಹ್ನವನ್ನು ನಿನಗೆ ನೆನಪಿಸಬೇಕಿಲ್ಲ ನನ್ನವ್ವಾ. ಆಗ ನಾವಿದ್ದ ಅಡರಕಟ್ಟಿಯ ಮನೆ ಮುಂದೆ, ಇದೇ ಕಾರಿನ ಹಿಂದಿನ ಸೀಟಿನಲ್ಲಿ ನೀನು ಒದ್ದಾಡುತ್ತಿದ್ದೆ. ನಿಮ್ಮವ್ವ ಮನೆಮನೆ ತಿರುಗಿ ಉಡಿಯಲ್ಲಿ ನಿಂಬೆಹಣ್ಣು ಕಟ್ಟಿಕೊಂಡು ಬಂದದ್ದನ್ನು ನೀನೇ ಕಣ್ಣಾರೆ ನೋಡಿದೆ. ಅರ್ಧ ತಾಸು ಅದರಲ್ಲೇ ಹೋಯಿತು. ಅರ್ಧ ತಾಸು ಮೊದಲು ತಂದಿದ್ದರೆ ಕೂಸು ಉಳಿಯುತ್ತಿತ್ತು ಅಂತ ಗದಗಿನ ಡಾಕ್ಟರು ಹೇಳಿದರು. ‘ನಿನ್ನ ನಿಂಬಿಹಣ್ಣು ನನ್ನ ಕೂಸಿನ್ನ ತಿಂತು’ ಅಂತ ನೀನು ಅವ್ವನಿಗೆ ಅಂದೆ. ಆಮೇಲೆ ತವರಿಗೆ ಬಂದಾಗಲೆಲ್ಲ ನನ್ನ ಮಗ್ಗುಲಲ್ಲಿ ಕುಳಿತು ಉಂಡೆ, ಅವ್ವನ ಕಡೆ ಮುಖ ತಿರುಗಿಸಲಿಲ್ಲ. ಹೋದ ವರ್ಷ ಅವಳ ಮಣ್ಣಿಗೆ ಬಂದವಳು ಒಂದು ಹಿಡಿ ಮಣ್ಣು ಹಾಕದೆ ಹೊರಟೆ. ನಾನು ನೋಡಿಯೂ ಬಾಯಿ ಬಿಡಲಿಲ್ಲ.

ದೀಪಾವಳಿಯೊಳಗೆ ಕಾರು ರಸ್ತೆಗಿಳಿಯುತ್ತದೆ ಅಂತಾನೆ ಭೀಮೇಶ. ಹಿಡಿಕೆಯ ಮಾತು ಮಾತ್ರ ನನ್ನ ಮೇಲೇ ಬಿಟ್ಟಿದ್ದಾನೆ. ಅದು ನನ್ನದಲ್ಲ, ಇರಲೋ ಬದಲಿಸಲೋ ನೀನು ಹೇಳಬೇಕು. ಅಳಿಯಂದಿರಿಗೆ ನಮಸ್ಕಾರ ಹೇಳು, ಮಮತಾಳಿಗೆ ಅಜ್ಜನ ಮುತ್ತು. ಮೊಣಕಾಲಿಗೆ ಎಣ್ಣೆ ತಿಕ್ಕುವುದು ಮರೆಯಬೇಡ.

ನಿನ್ನ ಅಪ್ಪ,
ಉಡಚಪ್ಪ

ತಾ. ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದು ಬರೆಯುತ್ತಿದ್ದೇನೆ. ಆ ದಿನ ಮನೆಯಲ್ಲಿ ಎರಡೇ ನಿಂಬೆಹಣ್ಣು ಇದ್ದವು. ‘ಎರಡ ಸಾಕು, ನಡೀರಿ, ಹುಡುಗಿ ಜೀವ ದೊಡ್ಡದು’ ಅಂತ ನಿಮ್ಮವ್ವ ಕೈಮುಗಿದಳು. ‘ನಾಕು ಗಾಲಿಗೆ ನಾಕು ಬೇಕು, ಹೊಸಾ ಗಾಡಿ ಐತಿ’ ಅಂತ ಅವಳನ್ನು ಓಣಿಗೆ ಅಟ್ಟಿದವನು ನಾನು. ದವಾಖಾನೆಯಲ್ಲಿ ‘ನಿಮ್ಮವ್ವ ಹಟ ಹಿಡಿದಳು’ ಅಂತ ನಿನಗೆ ಸುಳ್ಳು ಹೇಳಿದವನೂ ನಾನೇ. ಅವಳು ಅಲ್ಲೇ ನಿಂತಿದ್ದಳು, ಒಂದು ಮಾತೂ ಆಡಲಿಲ್ಲ. ಕೊನೆಗೆ ಹಾಸಿಗೆ ಹಿಡಿದಾಗ, ನೀಲವ್ವಗೆ ಖರೆ ಹೇಳಿಬಿಡುತ್ತೇನೆ ಅಂದೆ. ‘ಬ್ಯಾಡ್ರಿ’ ಅಂದಳು. ‘ಇಬ್ಬರ ಮ್ಯಾಲೂ ಸಿಟ್ಟಾದ್ರ ಆಕಿಗೆ ತವರಮನಿ ಎಲ್ಲೈತಿ?’