ಹೊಳೆಯಾಚೆಯ ಒಪ್ಪಂದ

ಬಾಳೆಹಕ್ಕಲ,
ಶಿರಸಿ ತಾಲೂಕು
೨೪ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಆಯಿಗೆ,

ಮೊದಲು ಕನ್ನಡಕ ಹಾಕಿಕೊ, ಆಮೇಲೆ ನಮಸ್ಕಾರ. ಮೊನ್ನೆ ಶುಕ್ರವಾರದ ಸಭೆಯಲ್ಲಿ ಏನಾಯಿತು ಎಂದು ನಿನ್ನ ಮಗ ಆಗಲೇ ವರದಿ ಒಪ್ಪಿಸಿರುತ್ತಾನೆ. ಅದನ್ನು ಪೂರ್ತಿ ನಂಬಬೇಡ. ಫೋನು ಮಾಡೋಣವೆಂದರೆ ಅವನ ಮೊಬೈಲಿಗೇ ಮಾಡಬೇಕು. ಅವನು ಸ್ಪೀಕರ್ ಹಾಕಿಕೊಂಡು ನಾನು ಹೇಳಿದ್ದಕ್ಕೆಲ್ಲ ತನ್ನ ಪಕ್ಷದ ಒಗ್ಗರಣೆ ಕೊಡುತ್ತಾನೆ. ಅದಕ್ಕೇ ಈ ಕಾಗದ. ನಾಳೆ ನಿಮ್ಮ ದಡದ ಶಾಲೆಗೆ ಹೋಗುವ ಟೀಚರ್ ಕೈಯಲ್ಲಿ ಕಳಿಸುತ್ತೇನೆ.

ನಿನಗೆ ಒಬ್ಬ ಅಧ್ಯಕ್ಷ ಸಾಲದೆಂದು ದೇವರು ಇಬ್ಬರನ್ನು ಕೊಟ್ಟ. ಹೊಳೆಯಾಚೆ ಯಲ್ಲಾಪುರ ತಾಲೂಕಿನ ಹೊನ್ನೆಕೊಡ್ಲು ಪಂಚಾಯ್ತಿಗೆ ಶಾಂತಾರಾಮಣ್ಣ ಅಧ್ಯಕ್ಷ. ಹೊಳೆಯೀಚೆ ಬಾಳೆಹಕ್ಕಲಿಗೆ ನಾನು. ಪಂಚಾಯ್ತಿ ಚುನಾವಣೆಗೆ ಪಕ್ಷ ಇಲ್ಲ ಎನ್ನುವುದು ಕಾನೂನಿನ ಮಾತು. ಅವನದು ಯಾವ ಪಕ್ಷ, ನನ್ನದು ಯಾವುದು ಎಂದು ಊರಿನ ನಾಯಿಗೂ ಗೊತ್ತು. ಊಟದ ಪಂಕ್ತಿಯಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತರೆ ಬಡಿಸುವವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಆದರೆ ಒಪ್ಪಂದ ಹುಟ್ಟಿದ್ದು ಪಂಕ್ತಿಯಲ್ಲೇ. ಮೇ ತಿಂಗಳಲ್ಲಿ ಚಿಕ್ಕಪ್ಪನ ಮೊಮ್ಮಗನ ಉಪನಯನದಲ್ಲಿ, ಹೋಳಿಗೆ ಎರಡನೇ ಸಲ ಬರುವ ಹೊತ್ತಿಗೆ, ಮಂಗನ ಮಾತು ಬಂತು. ನಮ್ಮ ಪಂಚಾಯ್ತಿಯವರು ಮಂಗ ಹಿಡಿಸಿ ರಾತ್ರೋರಾತ್ರಿ ನಿಮ್ಮ ದಡದಲ್ಲಿ ಬಿಟ್ಟು ಬರುವುದು, ನಿಮ್ಮವರು ಹಿಡಿಸಿ ನಮ್ಮ ದಡದಲ್ಲಿ ಬಿಡುವುದು ಎಷ್ಟು ವರ್ಷದ ಗುಟ್ಟು ಹೇಳು! ಗುಟ್ಟು ಎಂದು ನಾವು ಅಂದುಕೊಂಡಿದ್ದೆವು, ಅಷ್ಟೇ. ನಮ್ಮ ಮಂಗ ಹಿಡಿಯುವವನ ಹೆಸರು ನಾನು ಹೇಳಿದೆ, ಅವರ ಕಡೆ ಹಿಡಿಯುವವನ ಹೆಸರು ಅಣ್ಣ ಹೇಳಿದ. ಇಬ್ಬರೂ ಒಬ್ಬನೇ! ಪುಣ್ಯಾತ್ಮನ ವ್ಯಾನು ಹೋಗುವಾಗ ಇಲ್ಲಿಯ ಮಂಗ ಹೊತ್ತು ಹೋಗುತ್ತಿತ್ತು, ಬರುವಾಗ ಅಲ್ಲಿಯದನ್ನು ಹೊತ್ತು ಬರುತ್ತಿತ್ತು. ಬಾಲ ಮೊಂಡಾದ ಗಡವ ಮಂಗ ಒಂದಿದೆಯಲ್ಲ, ಅದು ವ್ಯಾನಿನ ಬಾಗಿಲು ತೆರೆದರೆ ತಾನೇ ಹತ್ತಿ ಕೂರುತ್ತದೆ ಎಂದು ಆಮೇಲೆ ಅವನೇ ಒಪ್ಪಿಕೊಂಡ. ಅಣ್ಣ ನಕ್ಕೂ ನಕ್ಕೂ ಮಜ್ಜಿಗೆ ನೆತ್ತಿಗೇರಿಸಿಕೊಂಡ.

ಜೂನ್ ಮೊದಲ ವಾರ ತೂಗುಸೇತುವೆಯ ನಡುವೆ ನಿಂತು ಇಬ್ಬರೂ ಸಹಿ ಹಾಕಿದೆವು. ಒಬ್ಬರ ಗಡಿಯೊಳಗೆ ಇನ್ನೊಬ್ಬರು ಮಂಗ ಬಿಡುವಂತಿಲ್ಲ. ಎರಡೂ ದಡದ ಬೆಟ್ಟದಲ್ಲಿ ಹಲಸು, ನೇರಳೆ, ಮುರುಗಲು ನೆಟ್ಟು ಮಂಗಕ್ಕೆ ಕಾಡಿನಲ್ಲೇ ಊಟ ಸಿಗುವಂತೆ ಮಾಡುವುದು. ಅದು ಆಗುವವರೆಗೆ ಎರಡೂ ಊರು ಸೇರಿ ಕಾವಲು. ಇಷ್ಟೇ. ಇದರಲ್ಲಿ ಯಾರಿಗೆ ಹೊಟ್ಟೆನೋವು ಬರಬೇಕು?

ಎಲ್ಲರಿಗೂ ಬಂತು. ವಿರೋಧ ಪಕ್ಷದ ಮುಖಂಡ ಬೇರೆ ಯಾರೂ ಅಲ್ಲ, ಪಕ್ಕದ ಮನೆಯ ನಮ್ಮ ದತ್ತು ಭಾವ, ಇವರ ಖಾಸಾ ಅಣ್ಣ. ಅವರಿಗೆ ಸಂಜೆ ಎಲೆಯಡಿಕೆ ಕವಳ ಹಾಕಿಕೊಂಡು ಟೀವಿಯಲ್ಲಿ ಪರದೇಶದ ಸುದ್ದಿ ನೋಡುವ ಅಭ್ಯಾಸ. ಸಭೆಯಲ್ಲಿ ಎದ್ದು ನಿಂತು ಇದು ನಮ್ಮ ಅಧ್ಯಕ್ಷೆಯ ವಿದೇಶಾಂಗ ನೀತಿ ಎಂದರು. ದೊಡ್ಡ ದೊಡ್ಡ ದೇಶದ ಅಧ್ಯಕ್ಷರು ಸಹಿ ಹಾಕಿ ಬಂದ ಒಪ್ಪಂದವನ್ನೇ ಅವರ ಸಭೆ ಒಪ್ಪದಿದ್ದರೆ ಕಸದ ಬುಟ್ಟಿಗೆ ಹಾಕುತ್ತಾರೆ, ಸಭೆಗೆ ಹೇಳದೆ ಸೇತುವೆಯ ಮೇಲೆ ಸಹಿ ಹಾಕಲು ನಿಮಗೆ ಯಾರು ಅಧಿಕಾರ ಕೊಟ್ಟರು ಎಂದು ಕೇಳಿದರು. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನ್ಯಾಯವಾದದ್ದೇ. ಮಜಾ ಅಂದರೆ ಅಣ್ಣನದೂ ಭಾವನದೂ ಒಂದೇ ಪಕ್ಷ, ನಿಮ್ಮ ಪಂಚಾಯ್ತಿಯಲ್ಲಿ ಅದೇ ಒಪ್ಪಂದವನ್ನು ಭಾವನ ಪಕ್ಷದವರೇ ಚಪ್ಪಾಳೆ ತಟ್ಟಿ ಪಾಸು ಮಾಡಿದ್ದರು. ನನ್ನ ಪಕ್ಷದವರಾದರೂ ಬೆನ್ನಿಗೆ ನಿಂತರೇ? ಶಿರಸಿಗೆ ಕರೆಸಿ, ಯಾರ ಜೊತೆ ಬೇಕಾದರೂ ರಾಜಿ ಮಾಡಿಕೊ, ಆ ಪಕ್ಷದವನ ಜೊತೆ ಬೇಡ ಎಂದರು. ಅವನು ನನ್ನ ಒಡಹುಟ್ಟಿದವನು ಎಂದೆ. ಅದು ಇನ್ನೂ ಕೆಟ್ಟದ್ದು ಎಂದರು.

ಜುಲೈ ಸಭೆಯಲ್ಲಿ ಭಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಿಟ್ಟು ಬಂದರೆ ಅವರು ಮನೆಮಾತು ಬಿಟ್ಟು ಪುಸ್ತಕದ ಕನ್ನಡಕ್ಕೆ ಹತ್ತುತ್ತಾರೆ. "ಅಧ್ಯಕ್ಷೆಯವರು ಗಂಡನ ಊರಿನ ಮೊಹರು ಹಿಡಿದುಕೊಂಡು ತವರಿನ ಕೆಲಸ ಮಾಡುತ್ತಿದ್ದಾರೆ" ಎಂದರು. ಪ್ರತಿ ಸಲ ಹೊಳೆ ದಾಟುವುದು ಗುಟ್ಟಿನ ಮಾತುಕತೆಗೆ ಅಂತೆ. ನನಗೆ ಮೈಯೆಲ್ಲ ಉರಿದುಹೋಯಿತು ಆಯಿ. ಈ ಸಭೆ ಒಪ್ಪಂದ ಒಪ್ಪುವವರೆಗೆ ನಾನು ಸೇತುವೆ ದಾಟುವುದಿಲ್ಲ, ಒಪ್ಪದಿದ್ದರೆ ಅಧ್ಯಕ್ಷಗಿರಿ ಮುಗಿಯುವವರೆಗೂ ದಾಟುವುದಿಲ್ಲ ಎಂದುಬಿಟ್ಟೆ. ನಡಾವಳಿಯಲ್ಲಿ ಬರೆಸಿಯೂ ಬಿಟ್ಟೆ. ಮನೆಗೆ ಬಂದಮೇಲೆ ಇವರ ಹತ್ತಿರ ಹೇಳಿಕೊಂಡು ಅತ್ತೆ. ಅವರದು ಗೊತ್ತಲ್ಲ, ಅಣ್ಣನ ಕಡೆಯೂ ಇಲ್ಲ, ಹೆಂಡತಿಯ ಕಡೆಯೂ ಇಲ್ಲ, ಅಪ್ಪಟ ಅಲಿಪ್ತ ನೀತಿ. ಒಂದು ಲೋಟ ಕಷಾಯ ಮಾಡಿ ತಂದುಕೊಟ್ಟು ಅಡಕೆಗೆ ಔಷಧಿ ಹೊಡೆಸಲು ಹೋದರು.

ಹಾಗಾಗಿ ಚೌತಿಗೆ ಬರಲಿಲ್ಲ, ನವರಾತ್ರಿಗೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ. ನಡುವೆ ಎರಡು ಸಲ ಕೋರಂ ಇಲ್ಲವೆಂದು ಸಭೆ ಮುಂದೆ ಹೋಯಿತು. ನನ್ನವರೇ ಬರುತ್ತಿರಲಿಲ್ಲ, ಬಂದರೆ ಕೈ ಎತ್ತಬೇಕಲ್ಲ. ದೀಪಾವಳಿಯ ದಿನ ಸೇತುವೆಯ ಈ ತುದಿಯವರೆಗೆ ಹೋಗಿ ನಿಂತಿದ್ದೆ. ನೀನು ಆಚೆಯಿಂದ ಟೀಚರ್ ಕೈಯಲ್ಲಿ ಕಳಿಸಿದ ಹೋಳಿಗೆಯನ್ನು ಅಲ್ಲೇ ಕಲ್ಲಿನ ಮೇಲೆ ಕೂತು ತಿಂದೆ. ಇದನ್ನು ಇವರಿಗೂ ಹೇಳಿಲ್ಲ.

ಮೊನ್ನೆಯ ಸಭೆಗೆ ಹನ್ನೊಂದು ಜನವೂ ಬಂದರು. ಭಾವ ಮತ್ತೆ ಅದೇ ರಾಗ ಎಳೆದರು: ವಿದೇಶಾಂಗ ನೀತಿ, ತವರು, ಮೊಹರು. ನನ್ನ ಪಕ್ಷದ ಮೂವರು ಗಂಡಸರು ಕಿಟಕಿಯಾಚೆಯ ತೆಂಗಿನಮರ ಎಣಿಸುತ್ತಿದ್ದರು. ಆಯಿತು, ಇನ್ನು ಈ ಜನ್ಮಕ್ಕೆ ಹೊಳೆಯಾಚೆ ಇಲ್ಲ ಎಂದುಕೊಂಡೆ.

ಆಗ ಮುರಿಗೆವ್ವ ಎದ್ದರು. ಕೆಳಗಿನ ಕೇರಿಯ ಸದಸ್ಯೆ, ಭಾವನ ಪಕ್ಷ, ಬಯಲುಸೀಮೆಯ ಅಂಚಿನ ಗುಡ್ನಾಪುರದ ಕಡೆಯ ಹೆಣ್ಣು. ಮದುವೆಯಾಗಿ ಇಲ್ಲಿಗೆ ಬಂದು ಮೊಮ್ಮಕ್ಕಳಾದರೂ ಮಾತು ಅಲ್ಲಿಯದೇ. ನಾಲ್ಕು ವರ್ಷದಲ್ಲಿ ಸಭೆಯಲ್ಲಿ ಅವರು ಬಾಯಿ ತೆರೆದದ್ದು ಬೋರ್‌ವೆಲ್ಲಿನ ವಿಷಯಕ್ಕೆ ಮಾತ್ರ. ಸೆರಗು ತಲೆಯ ಮೇಲೆ ಎಳೆದುಕೊಂಡು ಭಾವನ ಕಡೆ ತಿರುಗಿ ನಿಧಾನವಾಗಿ ಹೇಳಿದರು.

"ತವರು ಅಂದ್ರ ಪರದೇಶ ಆಗಿದ್ರ, ಇಲ್ಲಿ ಕುಂತ ಆರೂ ಮಂದಿ ಹೆಣ್ಮಕ್ಕಳು ಪರದೇಶದಾವ್ರ ಆದ್ವಿ. ಮೊದ್ಲ ನಮ್ಮನ್ನ ಊರ ಹೊರಗ ಹಾಕ್ರಿ, ಆಮ್ಯಾಲ ಮಂಗ್ಯಾನ ಮಾತಾಡೂಣು."

ಪಿಡಿಓ ಪೆನ್ನು ಹಿಡಿದುಕೊಂಡೇ ಕೂತಿದ್ದರು. ಭಾವ ಏನೋ ಹೇಳಲು ಹೋದರು. ನಿಮ್ಮ ಮನಿ ಹೆಣ್ಮಗಳನ್ನ ಎಲ್ಲಿ ಕೊಟ್ಟೀರಿ ಎಂದು ಮುರಿಗೆವ್ವ ಕೇಳಿದರು. ಭಾವನ ಮಗಳನ್ನು ಕೊಟ್ಟದ್ದು ಸಿದ್ದಾಪುರ ತಾಲೂಕಿಗೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಭಾವ ಕೂತುಬಿಟ್ಟರು.

ಕೈ ಎತ್ತಿಸಿದೆ. ಹನ್ನೊಂದರಲ್ಲಿ ಆರು ಕೈ ಮೇಲೆದ್ದವು. ಆರೂ ಬಳೆ ತೊಟ್ಟ ಕೈ. ಮೂವರು ಅವರ ಪಕ್ಷ, ಮೂವರು ನಮ್ಮದು. ಗಂಡಸರು ಎರಡೂ ಪಕ್ಷದವರು ಎಂದಿಲ್ಲದ ಒಗ್ಗಟ್ಟಿನಿಂದ ಕೈ ಕಟ್ಟಿ ಕೂತಿದ್ದರು. ಒಪ್ಪಂದ ಪಾಸಾಯಿತು ಆಯಿ! ಮುರಿಗೆವ್ವ ಹೊರಗೆ ಬಂದು, ಬಸ್ಸು ಹೋಗ್ತೈತಿ, ಹಿಡಿ ಎಂದು ಎಲೆಯಡಿಕೆ ನನ್ನ ಕೈಗಿಟ್ಟು ಹೊರಟೇಹೋದರು. ನಾಳೆ ಅವರ ಪಕ್ಷದಿಂದ ನೋಟೀಸು ಬರುತ್ತದಂತೆ. ಬಂದರೆ ಒಲಿ ಉರಸಾಕ ಆತು ಎಂದರಂತೆ.

ಭಾವ ಏನು ಮಾಡಿದರು ಎಂದು ಕೇಳುತ್ತೀಯಲ್ಲ, ಈ ಐದು ತಿಂಗಳಲ್ಲಿ ನಮ್ಮೆರಡು ಮನೆಯ ನಡುವೆ ಮಜ್ಜಿಗೆ, ಸೌತೆಕಾಯಿ ಒಂದು ದಿನವೂ ನಿಂತಿಲ್ಲ. ನಿನ್ನೆ ಬೆಳಿಗ್ಗೆ ಚಹಾಕ್ಕೆ ಬಂದರು. ಜಗಲಿಯಲ್ಲಿ ಕೂತು ಬಹಳ ಹೊತ್ತು ಪೇಪರು ಓದಿದರು. ಗಿಡ ನೆಡುವುದು ನಮ್ಮ ದಡದಿಂದಲೇ ಶುರುವಾಗಬೇಕು, ಅದಕ್ಕೆ ತಾನು ತಿದ್ದುಪಡಿ ತರುವವನು ಎಂದರು. ತನ್ನಿ, ನಾನೇ ಅನುಮೋದಿಸುತ್ತೇನೆ ಎಂದೆ. ಏಳುವಾಗ ನನ್ನ ಮುಖ ನೋಡದೆ ಮನೆಮಾತಿನಲ್ಲಿ, "ಬುಧವಾರ ಹೊಳೆವರೆಗೆ ಜೀಪಲ್ಲಿ ಆನು ಬಿಡ್ತೆ. ಆಚೆ ಬತ್ನಿಲ್ಲೆ" ಎಂದರು. ಆಚೆ ಬರದಿದ್ದರೂ ಹೊಳೆಯವರೆಗೆ ಬಿಡುತ್ತಾರಲ್ಲ, ಅಷ್ಟು ಸಾಕು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು.

ಬುಧವಾರ ಊಟದ ಹೊತ್ತಿಗೆ ಬರುತ್ತೇನೆ, ನಾಲ್ಕು ದಿನ ಇರುತ್ತೇನೆ. ತಂಬುಳಿ ಮಾತ್ರ ಸಾಕು, ಅಡುಗೆಮನೆಯಲ್ಲಿ ಜಾತ್ರೆ ಎಬ್ಬಿಸಬೇಡ. ಖುಷಿಯಲ್ಲಿ ನನಗೆ ಎರಡು ದಿನದಿಂದ ಹಸಿವೆಯೇ ಇಲ್ಲ. ಅತ್ತಿಗೆಗೂ ಹೇಳು.

ನಿನ್ನ ಮಗಳು,
ಪರಿಮಳಾ
(ಅಧ್ಯಕ್ಷೆ ಎಂದು ಬರೆಯುವುದಿಲ್ಲ. ಇದು ಪಂಚಾಯ್ತಿಯ ಕಾಗದ ಅಲ್ಲ.)

ತಾ.ಕ.: ಇದನ್ನು ಬರೆಯಬಾರದು ಎಂದಿದ್ದೆ, ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ದತ್ತು ಭಾವ ತವರಿನ ಕೆಲಸ ಎಂದದ್ದು ಸುಳ್ಳಲ್ಲ ಆಯಿ. ಉಪನಯನದ ಹಿಂದಿನ ದಿನ ನಾನು ಅಲ್ಲಿಗೆ ಬಂದಾಗ ನೀನು ಹಿತ್ತಲಲ್ಲಿ ಹಪ್ಪಳ ಒಣಗಿಸುತ್ತಿದ್ದೆ. ಹಿಂದಿನಿಂದ ಮಂಗದ ಹಿಂಡು ಬಂತು. ನಾನು ಮೇಲಿನ ಮೆತ್ತಿನ ಕಿಟಕಿಯಿಂದ ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ನೀನು ತಿರುಗಲೇ ಇಲ್ಲ. ನಾನು ಇಳಿದು ಓಡಿ ಬರುವಷ್ಟರಲ್ಲಿ ಆ ಮೊಂಡು ಬಾಲದ ಗಡವ ನಿನ್ನ ತೋಳು ಪರಚಿ ಹೋಗಿತ್ತು. ನೀನು ಎಲ್ಲರಿಗೂ ಲಿಂಬೆ ಮುಳ್ಳು ತಾಗಿತು ಎಂದೆ, ನಾನೂ ಹೌದು ಎಂದೆ. ನಿನಗೆ ಕಿವಿ ಕೇಳಿಸುವುದಿಲ್ಲ ಎಂದು ನನಗೆ ಗೊತ್ತಾದದ್ದು ಆ ದಿನ. ಮಾರನೇ ದಿನ ಪಂಕ್ತಿಯಲ್ಲಿ ಅಣ್ಣನ ಪಕ್ಕ ಕೂತದ್ದು ಊರಿಗೋಸ್ಕರ ಅಲ್ಲ. ನಾವು ಹಿಡಿಸಿ ಕಳಿಸಿದ ಮಂಗ ನಿನ್ನ ಬೆನ್ನ ಹಿಂದೆ ಬರುತ್ತಿತ್ತು, ಅದಕ್ಕೆ. ಗುರುವಾರ ನಾವಿಬ್ಬರೇ ಶಿರಸಿಗೆ ಹೋಗಿ ಕಿವಿ ತೋರಿಸಿಕೊಂಡು ಬರೋಣ. ಅಣ್ಣನಿಗೆ ಈಗಲೇ ಹೇಳಬೇಡ. ಎಷ್ಟೆಂದರೂ ಅವನು ಬೇರೆ ಪಕ್ಷ.