ಖಾಲಿ ಬಿಟ್ಟ ನಾಲ್ಕನೆಯ ಪುಟ

ಸೆಪ್ಟೆಂಬರ್ ಹನ್ನೆರಡು, ಶುಕ್ರವಾರ, ಮಧ್ಯಾಹ್ನ. ಈ ವಾರದ ಹಾಳೆಗಳು ಹಗ್ಗದ ಮೇಲೆ ಒಣಗುತ್ತಿವೆ. ನಿಮ್ಮ ತಮ್ಮ ಸುದ್ದಿ ಕೇಳಲು ಬಂದರಿಗೆ ಹೋಗಿದ್ದಾನೆ.

ರೀ,

ನಮ್ಮ ಪತ್ರಿಕೆಯ ನಾಲ್ಕನೆಯ ಪುಟದಲ್ಲಿ ನಾನು ಬರೆಯುತ್ತಿರುವುದು ಇದೇ ಮೊದಲು. ಊರಿನವರೆಲ್ಲ ಅದರಲ್ಲಿ ತಮ್ಮ ಮನೆಯ ಸುದ್ದಿ ಬರೆದು, ಮಡಚಿ, ದೂರದವರಿಗೆ ಕಳಿಸುತ್ತಾರೆ. ನಾನು ಅಚ್ಚಿನ ಮೊಳೆ ಜೋಡಿಸಿದ್ದೇ ಆಯಿತು. ನೀವು ಜೊತೆಗಿದ್ದಾಗ ಬರೆಯುವ ಅಗತ್ಯವಿರಲಿಲ್ಲ. ನಿಮ್ಮನ್ನು ಮಣ್ಣು ಮಾಡಿ ಬಂದ ಮೇಲೆ ಕಳಿಸಲು ಯಾರೂ ಇರಲಿಲ್ಲ.

ಮುದ್ರಣಯಂತ್ರ ಬರುವ ಮುನ್ನ ನಾವಿಬ್ಬರೂ ಸುದ್ದಿಯನ್ನು ಕೈಯಲ್ಲೇ ನಕಲು ಮಾಡುತ್ತಿದ್ದೆವು. ನಾವಿಕರು ಹೇಳಿದ್ದನ್ನು ನೀವು ಹೇಳುತ್ತಿದ್ದಿರಿ, ನಾನು ಬರೆಯುತ್ತಿದ್ದೆ. "ರಾಜ ಸತ್ತ ಸುದ್ದಿ ನಮಗೆ ಮುಟ್ಟೋ ಹೊತ್ತಿಗೆ ಅವನ ಮಗನೂ ಮುದುಕನಾಗಿರ್ತಾನೆ ಕಣೇ" ಎಂದು ನಗುತ್ತಿದ್ದಿರಿ. ಆಮೇಲೆ ಯಂತ್ರ ತಂದು, ವಾರಕ್ಕೊಮ್ಮೆ ಅಚ್ಚು ಹಾಕುತ್ತೇವೆ ಎಂದಾಗ ಎದುರುಮನೆಯ ದರ್ಜಿ ಕೇಳಿದ್ದ: "ವಾರವಾರಾನೂ ಸುದ್ದಿ ಆಗುತ್ತೇನ್ರೀ? ಆಗ್ದಿದ್ರೆ ನೀವೇ ಹೋಗಿ ಮಾಡ್ಕೊಂಡು ಬರ್ತೀರಾ?" ಆ ಮಾತು ನಿಮಗೆ ನಾಟಿತು. ಮೊದಲ ವಾರ ಮೂರು ಪುಟಕ್ಕೇ ಸುದ್ದಿ ಮುಗಿದಾಗ ಸುಳ್ಳು ತುಂಬಲು ಒಪ್ಪಲಿಲ್ಲ. "ಓದೋರ ಮನೇಲೂ ಏನಾದ್ರೂ ಆಗಿರುತ್ತಲ್ಲ, ಅವ್ರೇ ಬರ್ಕೊಳ್ಲಿ ಬಿಡು" ಎಂದಿರಿ. ಅಂದಿನಿಂದ ಅದು ಖಾಲಿಯೇ.

ನಿನ್ನೆ ನಿಮ್ಮ ತಮ್ಮ ಆ ಪುಟಕ್ಕೆ ಜಾಹೀರಾತುಗಳನ್ನು ತಂದ. ಕೂದಲೆಣ್ಣೆ, ಹಲ್ಲು ಕೀಳುವವನು, ತಪ್ಪಿಸಿಕೊಂಡ ಕುದುರೆ. "ಅತ್ತಿಗೆ, ಖಾಲಿ ಕಾಗದ ಮಾರೋಕೆ ಯಂತ್ರ ಯಾಕೆ ಬೇಕು? ಮುಂದಿನ ವಾರ ಇದನ್ನ ಹಾಕ್ದೇ ಇದ್ರೆ ನಾನು ಬೇರೆ ಪ್ರೆಸ್ ನೋಡ್ಕೋತೀನಿ" ಎಂದ. ಅವನು ಕೆಟ್ಟವನಲ್ಲ. ಯಂತ್ರದ ಹಿಡಿ ಎಳೆಯಲು ಇನ್ನೊಬ್ಬರನ್ನು ಹುಡುಕಬಹುದು. ಆದರೆ ಈ ಮನೆಯಲ್ಲಿ ನನ್ನೊಂದಿಗೆ ಮಾತಾಡುವವನು ಅವನೊಬ್ಬನೇ. ಹೂಂ ಅಂದುಬಿಡೋಣ ಎಂದುಕೊಂಡೇ ಮಲಗಿದ್ದೆ.

ಬೆಳಿಗ್ಗೆ ಅಂಚೆಯವನು ಹಳೆಯ ಹಾಳೆಯೊಂದನ್ನು ವಾಪಸು ತಂದ. ಪಡೆಯುವವರು ಸಿಗದಿದ್ದರೆ ಅದು ನಮ್ಮಲ್ಲಿಗೇ ಬರುತ್ತದಲ್ಲ. ಅಚ್ಚಾಗಿರುವುದು ನಮ್ಮ ವಿಳಾಸವೊಂದೇ. ಯಾರದೆಂದು ತಿಳಿಯಲು ಬಿಚ್ಚಿದೆ. ಬರೆದು ರೂಢಿಯಿಲ್ಲದ ಕೈಯ ದೊಡ್ಡ ಅಕ್ಷರಗಳು: "ತಮ್ಮಾ, ಇಲ್ಲಿ ಸುದ್ದಿ ಏನೂ ಇಲ್ಲ. ಬಾವಿಕಟ್ಟೆ ಕುಸಿದಿದೆ. ಈ ಪುಟ ಖಾಲಿ ಇತ್ತು, ಅದಕ್ಕೇ ಬರೆದೆ. ಅಕ್ಕ."

ಆ ಹಾಳೆಯನ್ನು ಮಡಚಲು ಮನಸ್ಸಾಗಲಿಲ್ಲ. ಅಲ್ಲಿ ಕೂದಲೆಣ್ಣೆ ಇದ್ದಿದ್ದರೆ ಅವಳು ಬರೆಯುತ್ತಲೇ ಇರಲಿಲ್ಲ. ನಾನೂ ಅಷ್ಟೇ.

ಇದಕ್ಕೆ ವಿಳಾಸ ಹಾಕದೆ ಅಂಚೆಗೆ ಕೊಡುತ್ತೇನೆ. ತಿರುಗಿ ಇಲ್ಲಿಗೇ ಬರುತ್ತದೆಂದು ಗೊತ್ತು. ಬಾಗಿಲು ತಟ್ಟಿ "ಅಮ್ಮಾ, ನಿಮ್ಮಲ್ಲಿಗೇ ಬಂತು ನೋಡಿ" ಅನ್ನಲು ಒಬ್ಬರಾದರೂ ಬರುತ್ತಾರೆ.

ಮುಂದಿನ ವಾರವೂ ಪುಟ ಖಾಲಿಯೇ ಇರಲಿ ಎಂದು ತೀರ್ಮಾನಿಸಿದ್ದೇನೆ. ನಿಮ್ಮ ತಮ್ಮನಿಗೆ ಇನ್ನೂ ಹೇಳಿಲ್ಲ. ಬಂದರಿನಿಂದ ಬಂದು ಕೈಕಾಲು ತೊಳೆದುಕೊಳ್ಳಲಿ, ಹೇಳುತ್ತೇನೆ.

ಎಲ್ಲಿದ್ದರೂ ನೆಮ್ಮದಿಯಾಗಿರಿ. ಕೆಳಗೆ ಉಳಿದ ಜಾಗ ನಿಮ್ಮದು.

ನಿಮ್ಮ ಮೊಳೆ ಜೋಡಿಸುವವಳು